ಮಳೆ ನೋಡಬೇಡಿ, ರಾತ್ರಿ ನೋಡಿ

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಚಹಾ ಕುಡಿಯುವಾಗ ಒಬ್ಬರು ಹೇಳಿದರು, ಮಲೆನಾಡಲ್ಲಿ ಶರದೃತು ಅನ್ನೋದೇ ಇಲ್ಲ, ಮಳೆ ಮುಗಿದರೆ ಸೀದಾ ಚಳಿ ಅಂತ. ನಾನು ಒಪ್ಪುವುದಿಲ್ಲ. ಹೊರಗೆ ಹಸ್ತ ಮಳೆ ಸುರಿಯುತ್ತಾ ಇದೆ, ನಿಜ. ಆದರೆ ಮಳೆ ನೋಡಬೇಡಿ, ರಾತ್ರಿ ನೋಡಿ. ಸೆಪ್ಟೆಂಬರ್ 23ರ ಹೊತ್ತಿಗೆ ಹಗಲು ರಾತ್ರಿ ಸಮ ಆಗಿ, ಆಮೇಲೆ ರಾತ್ರಿಯದೇ ಮೇಲುಗೈ. ನಮಗೆ ಗೊತ್ತಾಗುವುದಿಲ್ಲ. ಹಿತ್ತಲಿಗೆ ಗೊತ್ತಾಗುತ್ತದೆ.

ಹೋದ ವರ್ಷ ಚಿರತೆ ಕಾಟ ಜಾಸ್ತಿ ಆಯ್ತು ಅಂತ ಕೊಟ್ಟಿಗೆ ಮೂಲೆಗೆ ಒಂದು ಎಲ್‌ಇಡಿ ಬಲ್ಬ್ ಹಾಕಿಸಿದೆವು. ರಾತ್ರಿ ಪೂರ್ತಿ ಉರಿಯುತ್ತಿತ್ತು. ಅಮ್ಮನ ಸೇವಂತಿಗೆ ಸಾಲು ಅಲ್ಲಿಂದ ಶುರುವಾಗಿ ಬಾವಿಕಟ್ಟೆ ತನಕ ಹೋಗುತ್ತದೆ. ಎಲ್ಲವೂ ಒಂದೇ ಬುಡದಿಂದ ಬಿಡಿಸಿ ನೆಟ್ಟ ಗಿಡಗಳು, ಹಾಕಿದ್ದೂ ಒಂದೇ ಗೊಬ್ಬರ. ನವರಾತ್ರಿ ಹೊತ್ತಿಗೆ ಬಾವಿಕಟ್ಟೆ ಕಡೆಯವು ಮೆಣಸಿನಕಾಳಿನಷ್ಟು ಮೊಗ್ಗು ಕಟ್ಟಿದ್ದವು, ಹಸಿರಾಗಿ, ಬಿಗಿಯಾಗಿ. ಕೊಟ್ಟಿಗೆ ಕಡೆಯವಕ್ಕೆ ಬರೀ ಎಲೆ. ಅಮ್ಮ ದೃಷ್ಟಿ ಆಯ್ತು ಅಂದರು. ಅಕ್ಕ ಬೇವಿನ ಹಿಂಡಿ ಹಾಕಿದಳು. ಒಂದು ರಾತ್ರಿ ಕರು ನೋಡೋಕೆ ಅಂತ ಎದ್ದು ಹೋದೆ. ಬಚ್ಚಲು ಗೋಡೆಯ ನೆರಳು ಸಾಲಿನ ಮೇಲೆ ಅಡ್ಡ ಬಿದ್ದಿತ್ತು. ನೆರಳಿನ ಒಳಗೆ ಮೊಗ್ಗು, ಬೆಳಕಲ್ಲಿ ಎಲೆ. ಗೆರೆ ಎಳೆದ ಹಾಗೆ!

ಸೇವಂತಿಗೆ ಲೆಕ್ಕ ಇಡುವುದು ಕತ್ತಲನ್ನ. ಉದ್ದದ ಕತ್ತಲು ಬೇಕು, ನಡುವೆ ಬೆಳಕು ಬಿದ್ದು ತುಂಡಾಗಬಾರದು. ಚಿಕ್ಕಬಳ್ಳಾಪುರದ ಕಡೆ ರೈತರು ಹೊಲದಲ್ಲಿ ರಾತ್ರಿ ಬಲ್ಬ್ ಉರಿಸುವುದನ್ನು ನೋಡಿದ್ದೀರಲ್ವಾ, ಹೂ ಬೇಗ ಬಾರದಿರಲಿ, ಗಿಡ ಎತ್ತರ ಆಗಲಿ ಅಂತಲೇ ಅದು. 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಅಂತ ಅಮೆರಿಕದ ಇಬ್ಬರು ವಿಜ್ಞಾನಿಗಳು ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ತಂಬಾಕು ಗಿಡದಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಗಿಡಕ್ಕೆ ಅಷ್ಟು ಸಾಕು. ಅದಕ್ಕೇ ಮತ್ತೆ ಹೇಳುತ್ತೇನೆ, ಮಳೆ ನೋಡಬೇಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳಿಬಿಡುತ್ತೇನೆ. ಬೇಲಿ ಮೇಲಿನ ಗೌರಿ ಹೂ ಒಣಗಿ ಕಾಯಿ ಆಗಿದೆ. ಸೌತೆಬಳ್ಳಿ ಬುಡದಿಂದ ಹಳದಿ ತಿರುಗಿದೆ, ಕಾಯಿ ಅಟ್ಟಕ್ಕೆ ಹೋಗಿ ಬಾಳೆನಾರಲ್ಲಿ ನೇತಾಡುತ್ತಿವೆ. ಬೆಳಿಗ್ಗೆ ಪಾರಿಜಾತದ ಕೆಳಗೆ ಕಾಲಿಡೋಕೆ ಜಾಗ ಇಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಅಂಗಳದ ತುಂಬಾ ಏರೋಪ್ಲೇನ್ ಚಿಟ್ಟೆ. ಅವುಗಳಲ್ಲಿ ಒಂದು ಜಾತಿ ಇಲ್ಲಿಂದ ಸಮುದ್ರ ದಾಟಿ ಆಫ್ರಿಕಾ ತನಕ ಹೋಗುತ್ತದೆ, ಅದನ್ನು ಇನ್ನೊಮ್ಮೆ ಮಾತಾಡೋಣ. ಹಿಮಾಲಯದ ಕಡೆಯಿಂದ ಬೂದು ಸಿಪಿಲೆ ಹಕ್ಕಿ ಬಂದಾಯ್ತು. ಬಚ್ಚಲು ನೀರು ಹರಿಯುವ ಕಡೆ ಬಾಲ ಕುಣಿಸಿಕೊಂಡು ಓಡಾಡುತ್ತಿದೆ, ನೋಡಿ.

ಹಾಂ, ಆ ಬಲ್ಬಿನ ಕಥೆ. ಅವತ್ತಿನಿಂದ ಆರಿಸಿದೆವು. ಬಾವಿಕಟ್ಟೆ ಕಡೆಯವು ದೀಪಾವಳಿಗೆ ಅರಳಿದವು. ಕೊಟ್ಟಿಗೆ ಕಡೆಯವು ಡಿಸೆಂಬರ್‌ನಲ್ಲಿ, ಮುಡಿಯೋಕೆ ಯಾವ ಹಬ್ಬವೂ ಇಲ್ಲದಾಗ. ಅಮ್ಮ ಅಷ್ಟನ್ನೂ ಕೊಯ್ದು ಕೊಟ್ಟಿಗೆಯ ದನಗಳಿಗೆ ಮಾಲೆ ಕಟ್ಟಿ ಹಾಕಿದರು.