ಡ್ರಮ್ಮಿಗೂ ಒಂದು ಪೂರ್ವಾಶ್ರಮ

ಅಡಿಕೆ ತೋಟದ ಮನೆಗಳಲ್ಲಿ ಬೆಳೆದವರಿಗೆ ಯಾವ ವಸ್ತುವನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಿಸಿ ತಲೆಗೆ ಹಾಕಿಕೊಂಡರೆ ಮಳೆಗಾಲಕ್ಕೆ ಕೊಪ್ಪೆಯಾಗುತ್ತದೆ. ಅದು ಹರಿದು ಹೋದ ಮೇಲೆ ಎಳೆಗಿಡದ ಬುಡಕ್ಕೆ ಹೊದಿಕೆಯಾಗಿ, ಕೊನೆಗೆ ಮಣ್ಣಿನಲ್ಲಿ ಮಣ್ಣಾಗುತ್ತದೆ. ಹನಿ ನೀರಾವರಿಯ ಹಳೆಯ ಪೈಪನ್ನು ಗೇಣುದ್ದ ಕತ್ತರಿಸಿ ಸೀಳಿ ಬಕೆಟ್ಟಿನ ತಂತಿಗೆ ತೊಡಿಸಿದರೆ ಕೈಗೆ ಒತ್ತುವುದಿಲ್ಲ. ಗದ್ದೆಯ ಸುತ್ತ ಕಟ್ಟಿದ ಹಳೆಯ ಸೀರೆಗಳು ಕಾಡುಹಂದಿಯನ್ನು ಹೆದರಿಸುತ್ತವೆ, ಹಂದಿಗೆ ಅದು ಸೀರೆಯೆಂದು ತಿಳಿಯುವವರೆಗೆ.

ಈ ಜಾಣತನದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರಿರುವುದು ಕ್ಯಾನು, ಡ್ರಮ್ಮುಗಳ ವಿಷಯದಲ್ಲಿ ಮಾತ್ರ. ಗುಜರಿ ಅಂಗಡಿಯಲ್ಲಿ ನೀಲಿ ಡ್ರಮ್ಮನ್ನು ಬಡಿದು ನೋಡಿ, ಬಿರುಕು ಹುಡುಕಿ, ಬೆಲೆಗೆ ಚೌಕಾಸಿ ಮಾಡುವ ನಾವು, ಅದರಲ್ಲಿ ಮೊದಲು ಏನಿತ್ತು ಎಂದು ಮಾತ್ರ ಕೇಳುವುದಿಲ್ಲ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಬೆರೆಸಿ ಜೀವಾಮೃತವೆಂಬ ದ್ರವಗೊಬ್ಬರ ಮಾಡುವುದೇ ಸೂಕ್ಷ್ಮಜೀವಿಗಳನ್ನು ಬೆಳೆಸಲು. ಅವನ್ನು ಕೊಲ್ಲುವ ರಾಸಾಯನಿಕದ ಪಸೆ ಉಳಿದ ಡ್ರಮ್ಮಿನಲ್ಲಿ ಅದನ್ನು ಕಲಸಿದರೆ ಬೆಲ್ಲವೂ ದಂಡ, ಶ್ರಮವೂ ದಂಡ.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಔಷಧಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೇಕು. ಮೈಲುತುತ್ತವನ್ನು ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದರೆ ತಾಮ್ರವು ಡ್ರಮ್ಮಿನ ಗೋಡೆಗೆ ಅಂಟಿಕೊಂಡು, ಔಷಧಿ ದುರ್ಬಲವಾಗಿ, ಡ್ರಮ್ಮೂ ಸವೆಯುತ್ತದೆ. ಸಿದ್ಧವಾದ ದ್ರಾವಣಕ್ಕೆ ಕತ್ತಿಯ ಅಲಗನ್ನು ಅದ್ದಿ, ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆಯೂ ಇದೇ ರಸಾಯನ ವಿದ್ಯೆ ಇದೆ. ಕತ್ತಿಯಲ್ಲಿ ಕಂಡದ್ದನ್ನು ಡ್ರಮ್ಮಿನಲ್ಲಿ ಕಾಣದಿದ್ದರೆ ಹೇಗೆ?

ಕೀಟನಾಶಕದ ಕ್ಯಾನಿನ ಬಗ್ಗೆ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಪ್ಲಾಸ್ಟಿಕ್ಕು ವಿಷವನ್ನು ತನ್ನ ಮೈಯೊಳಗೇ ಎಳೆದುಕೊಳ್ಳುವುದರಿಂದ, ಸೀಗೆಪುಡಿ, ಬೂದಿ, ಬಿಸಿನೀರು ಯಾವುದರಲ್ಲಿ ತಿಕ್ಕಿದರೂ ಅದು ಕುಡಿಯುವ ನೀರಿಗೆ ಯೋಗ್ಯವಾಗುವುದಿಲ್ಲ. ಖಾಲಿ ಡಬ್ಬಿಗಳನ್ನು ಮರುಬಳಕೆಯಾಗದಂತೆ ಒಡೆಯಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ತಳಕ್ಕೆ ಮೊಳೆ ಹೊಡೆಯುವುದು ನಮ್ಮ ಮನೆಯ ಪದ್ಧತಿ.

ಮೊನ್ನೆ ನೆರೆಮನೆಯವರು ತೋಟಕ್ಕೆ ನೀರು ಒಯ್ಯಲು ಕ್ಯಾನು ಕೇಳಿಕೊಂಡು ಬಂದರು. ಮೂಲೆಯಲ್ಲಿದ್ದುದನ್ನು ತಾವೇ ಎತ್ತಿ, ಮಗುಚಿ ನೋಡಿ, "ಒಳ್ಳೇ ಕ್ಯಾನು ಹಾಳು ಮಾಡಿದ್ರಲ್ಲ ಮಾರಾಯ್ರೆ" ಎಂದು ಬೇಸರಪಟ್ಟುಕೊಂಡರು. ನಾನು ಒಳಗಿನಿಂದ ಸ್ಟೀಲಿನ ಕೊಡ ತಂದುಕೊಟ್ಟೆ.