ಬೋರ್‌ವೆಲ್ ನೀರು ಎಷ್ಟು ಅಡಿಯಲ್ಲಿದೆ? ಫೋನಿನ ಮೈಕಿನಲ್ಲೇ ಅಳೆಯಿರಿ

[ದೃಶ್ಯ: ಕಬ್ಬಿನ ಗದ್ದೆಯ ಅಂಚು. ಪೈಪಿನಿಂದ ಸಣ್ಣಗೆ ಬೀಳುತ್ತಿರುವ ನೀರು]

ನಮಸ್ಕಾರ. ಮಂಡ್ಯ ಜಿಲ್ಲೆಯಲ್ಲಿ, ಅದರಲ್ಲೂ ನಾಗಮಂಗಲದ ಕಡೆ ನಾಲೆ ನೀರು ತಲುಪದ ಊರುಗಳಲ್ಲಿ, ಏಪ್ರಿಲ್ ಬಂತೆಂದರೆ ಬೋರಿನ ನೀರು ಸಣ್ಣಗಾಗುತ್ತದೆ. ಆಗ ಸಿಗುವ ಸಲಹೆ ಎರಡೇ: ‘ಇನ್ನೂ ನಾಲ್ಕು ಪೈಪ್ ಇಳಿಸಿ’, ಇಲ್ಲವೇ ‘ಹೊಸ ಪಾಯಿಂಟ್ ನೋಡಿಸಿ’. ಎರಡಕ್ಕೂ ದುಡ್ಡು ಸುರಿಯುವ ಮೊದಲು ಒಂದು ಲೆಕ್ಕ ಕೈಯಲ್ಲಿರಬೇಕು. ಬೋರಿನೊಳಗೆ ನೀರು ಈಗ ಎಷ್ಟು ಅಡಿಯಲ್ಲಿ ನಿಂತಿದೆ? ಅದನ್ನು ನಿಮ್ಮ ಜೇಬಿನ ಫೋನೇ ಹೇಳಬಲ್ಲದು.

[ದೃಶ್ಯ: ಬೋರಿನ ಸೀಳುಚಿತ್ರ. ಸದ್ದು ಕೆಳಗಿಳಿದು, ನೀರಿಗೆ ಬಡಿದು ಮೇಲೆ ಬರುತ್ತದೆ]

ಬೋರಿನ ಬಾಯಲ್ಲಿ ಮಾಡಿದ ಸದ್ದು ಕೆಳಗೆ ಹೋಗಿ, ನೀರಿಗೆ ಬಡಿದು ವಾಪಸ್ ಬರುತ್ತದೆ. 27 ಡಿಗ್ರಿ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,140 ಅಡಿ. ಹೋಗಿ ಬರುವ ದಾರಿ ಎರಡು ಪಟ್ಟು ಆದ್ದರಿಂದ ಅರ್ಧ ಮಾಡಿ, 570 ನೆನಪಿಡಿ. ಪ್ರತಿಧ್ವನಿಗೆ ಹಿಡಿದ ಸೆಕೆಂಡನ್ನು 570ರಿಂದ ಗುಣಿಸಿದರೆ ಆಳ ಅಡಿಯಲ್ಲಿ ಬರುತ್ತದೆ. ಬೋರಿನೊಳಗಿನ ಗಾಳಿ ಐದು ಡಿಗ್ರಿ ಹೆಚ್ಚು ಕಡಿಮೆ ಇದ್ದರೂ 200 ಅಡಿಗೆ ಎರಡಡಿಗಿಂತ ಹೆಚ್ಚು ತಪ್ಪಾಗುವುದಿಲ್ಲ. ಎಣ್ಣೆ ಬಾವಿಗಳಲ್ಲೂ ದ್ರವದ ಮಟ್ಟವನ್ನು ಹೀಗೇ ಅಳೆಯುತ್ತಾರೆ.

ಕಿವಿಗೆ ಪ್ರತಿಧ್ವನಿ ಕೇಳಿಸಬಹುದು, ಆದರೆ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೆ 57 ಅಡಿ ತಪ್ಪುತ್ತದೆ. ಸ್ಟಾಪ್‌ವಾಚ್‌ನಿಂದ ಇದು ಆಗದ ಕೆಲಸ. ಅದಕ್ಕೇ ರೆಕಾರ್ಡಿಂಗ್.

[ದೃಶ್ಯ: ಸ್ಟಾರ್ಟರ್ ಬಾಕ್ಸ್]

ಮೊದಲು ಮೇನ್ ಆಫ್ ಮಾಡಿ, ಆಟೋ ಸ್ಟಾರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ನೀವು ಬೋರಿನ ಬಾಯಿಗೆ ಬಗ್ಗಿರುವಾಗ ತ್ರೀ ಫೇಸ್ ಕರೆಂಟ್ ಬಂದು ಮೋಟರ್ ತಾನಾಗಿ ಓಡಬಾರದು. ಬಾಯಿ ಹತ್ತಿರ ಕೇಬಲ್ ಜಾಯಿಂಟ್ ಇದ್ದರೆ ಮುಟ್ಟಬೇಡಿ. ಪೈಪನ್ನು ಹಿಡಿದಿರುವ ಕ್ಲಾಂಪ್ ಬಿಚ್ಚಲೇಬೇಡಿ, ಬಿಚ್ಚಿದರೆ ಪೈಪು, ಮೋಟರ್ ಎಲ್ಲ ಒಳಗೆ ಹೋಗುತ್ತದೆ. ಮುಚ್ಚಳದಲ್ಲಿ ಕೇಬಲ್ ಹೋಗುವ ಸಂದಿ ಇದ್ದರೆ ಅಷ್ಟೇ ಸಾಕು.

ವೈರ್ ಇರುವ, ಮೈಕ್ ಇರುವ ಸಾದಾ ಇಯರ್‌ಫೋನ್ ತೆಗೆದುಕೊಳ್ಳಿ. ಜಾರಿ ಬೀಳದಂತೆ ದಾರ ಕಟ್ಟಿ, ಮೈಕನ್ನು ಒಂದಡಿ ಒಳಗೆ ಇಳಿಬಿಡಿ. ಗಾಳಿಯ ಸದ್ದು ಅಲ್ಲಿ ತಟ್ಟುವುದಿಲ್ಲ. ಬ್ಲೂಟೂತ್ ಇಯರ್‌ಫೋನ್ ಬೇಡ.

ಇನ್ನು ಆ್ಯಪ್. ಹೆಚ್ಚಿನವರು ಎಡವುವುದು ಇಲ್ಲೇ. ಫೋನಿನ ಜೊತೆ ಬರುವ ರೆಕಾರ್ಡರ್ ಮಾತನ್ನು ಚೆನ್ನಾಗಿ ಕೇಳಿಸಲೆಂದು ಪ್ರತಿಧ್ವನಿಯನ್ನೇ ಅಳಿಸಿಹಾಕಬಹುದು. ವಾಟ್ಸಾಪ್ ವಾಯ್ಸ್ ಮೆಸೇಜನ್ನೂ ನಂಬಬೇಡಿ. ವೇವ್ (WAV) ಫೈಲ್ ಆಗಿ ಉಳಿಸುವ, ಸೆಟ್ಟಿಂಗಿನಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡಲು ಬರುವ ಆ್ಯಪ್ ಬೇಕು. ಆಂಡ್ರಾಯ್ಡ್ 7ರಿಂದ ಈಚೆಗೆ ‘ಅನ್‌ಪ್ರೊಸೆಸ್ಡ್’ ಎಂಬ, ಸದ್ದನ್ನು ತಿದ್ದದೆ ಹಾಗೇ ಹಿಡಿಯುವ ಮೈಕ್ ಆಯ್ಕೆ ಇದೆ. ನಿಮ್ಮ ಫೋನಿನಲ್ಲಿ ಕಾಣಿಸಿದರೆ ಅದನ್ನೇ ಹಾಕಿ.

[ದೃಶ್ಯ: ಎರಡು ಮರದ ತುಂಡು, ಬೋರಿನ ಬಾಯಿ]

ರೆಕಾರ್ಡಿಂಗ್ ಶುರು ಮಾಡಿ, ಸಂದಿಯ ಮೇಲೆಯೇ ಎರಡು ಮರದ ತುಂಡುಗಳನ್ನು ಒಮ್ಮೆ ಜೋರಾಗಿ ಬಡಿಯಿರಿ. ಮೂರು ಸೆಕೆಂಡ್ ಮೌನ. ಹೀಗೆ ಐದು ಸಲ. ಸುತ್ತಿಗೆಯಲ್ಲಿ ಬೋರಿನ ಮೇಲ್ಭಾಗಕ್ಕೆ ಹಾಕಿದ ಹೊರಪೈಪಾದ ಕೇಸಿಂಗ್‌ಗೆ ಹೊಡೆಯಬೇಡಿ, ಕಬ್ಬಿಣ ಗುಂಯ್‌ಗುಟ್ಟಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಕಲ್ಲು ಹಾಕಿ ನೋಡೋಣ ಅನ್ನುವುದಂತೂ ಬೇಡವೇ ಬೇಡ. ಪೈಪಿಗೂ ಬಂಡೆಗೂ ನಡುವೆ ಕಲ್ಲು ಸಿಕ್ಕಿಕೊಂಡರೆ ಆಮೇಲೆ ಮೋಟರ್ ಎತ್ತಲಾಗುವುದಿಲ್ಲ.

[ದೃಶ್ಯ: ಅಲೆಯ ಚಿತ್ರ. ಒಂದು ದೊಡ್ಡ ಮೊನೆ, ಆಮೇಲೆ ಚಿಕ್ಕ ಮೊನೆ]

ಫೈಲನ್ನು ಅಲೆಯ ಚಿತ್ರ ತೋರಿಸುವ ಆ್ಯಪ್‌ನಲ್ಲಿ, ಅಥವಾ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ತೆರೆದು ಹಿಗ್ಗಿಸಿ. ದೊಡ್ಡ ಮೊನೆ ನಿಮ್ಮ ಬಡಿತ, ಆಮೇಲಿನ ಚಿಕ್ಕದು ನೀರು. ಮೊದಲನೆಯದು ಏಳುವ ಜಾಗದಿಂದ ಎರಡನೆಯದು ಏಳುವ ಜಾಗಕ್ಕೆ ಅಳೆಯಿರಿ. 0.386 ಸೆಕೆಂಡ್ ಬಂತು ಎನ್ನಿ. 570ರಿಂದ ಗುಣಿಸಿದರೆ 220 ಅಡಿ. ನೆಲದ ಮೇಲೆ ಕಾಣುವ ಕೇಸಿಂಗಿನ ಎತ್ತರ ಕಳೆಯಿರಿ.

ಈಗ ಅನುಮಾನ ಪಡಬೇಕು. ಕೇಸಿಂಗ್ ಮುಗಿದು ಬಂಡೆ ಶುರುವಾಗುವ ಜಾಗದಿಂದಲೂ ಒಂದು ಸುಳ್ಳು ಪ್ರತಿಧ್ವನಿ ಬರುತ್ತದೆ. ಬೋರ್ ಹೊಡೆಸಿದಾಗಿನ ಬಿಲ್ ಹುಡುಕಿ, ಕೇಸಿಂಗ್ ಎಷ್ಟು ಅಡಿ ಎಂದು ಅದರಲ್ಲಿರುತ್ತದೆ. 60 ಅಡಿ ಕೇಸಿಂಗ್ ಇದ್ದು, 0.105 ಸೆಕೆಂಡಿನಲ್ಲಿ ಸಣ್ಣ ಮೊನೆ ಕಂಡರೆ ಅದು ನೀರಲ್ಲ. ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ ಇದ್ದರೆ ಪ್ರತಿ 20 ಅಡಿಗೆ ಪೈಪು ಜೋಡಿಸುವ ಕಪ್ಲಿಂಗ್‌ನಿಂದಲೂ, ಅಂದರೆ 0.035 ಸೆಕೆಂಡಿಗೊಂದರಂತೆ, ಪುಟ್ಟ ಗೆರೆಗಳು ಕಾಣಬಹುದು. ನೀರಿನ ಮೊನೆ ಸಾಮಾನ್ಯವಾಗಿ ಎಲ್ಲಕ್ಕಿಂತ ಬಲವಾಗಿರುತ್ತದೆ, ಸರಿಯಾಗಿ ಎರಡರಷ್ಟು ಸಮಯಕ್ಕೆ ಇನ್ನೊಮ್ಮೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 0.772ರಲ್ಲಿ. ನೀರು 30 ಅಡಿಗಿಂತ ಕಡಿಮೆ ಆಳದಲ್ಲಿದ್ದರೆ ಬಡಿತದ ಸದ್ದೇ ಇನ್ನೂ ಮುಗಿದಿರುವುದಿಲ್ಲ, ಈ ವಿಧಾನ ಕೆಲಸಕ್ಕೆ ಬಾರದು.

[ದೃಶ್ಯ: ನೋಟ್‌ಬುಕ್ಕಿನಲ್ಲಿ ಸಮಯ ಮತ್ತು ಅಡಿ]

ಒಂದು ಅಳತೆಯಿಂದ ತೀರ್ಮಾನ ಮಾಡಬೇಡಿ. ರಾತ್ರಿಯಿಡೀ ಮೋಟರ್ ನಿಂತ ಮೇಲೆ ಬೆಳಿಗ್ಗೆ ಒಂದು. ಆಮೇಲೆ ಎರಡು ಗಂಟೆ ಓಡಿಸಿ, ನಿಲ್ಲಿಸಿ, ಮೇನ್ ಆಫ್ ಮಾಡಿದ ಕೂಡಲೇ ಒಂದು. ಮತ್ತೆ 5, 10, 20, 40 ನಿಮಿಷಕ್ಕೆ.

ಆರೂವರೆ ಇಂಚಿನ ಬೋರಿನಲ್ಲಿ ಒಂದಡಿಗೆ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ. 10ರಿಂದ 20 ನಿಮಿಷದೊಳಗೆ ಮಟ್ಟ 50 ಅಡಿ ಏರಿದರೆ 325 ಲೀಟರ್ ಬಂದಂತಾಯಿತು, ಗಂಟೆಗೆ ಸುಮಾರು 1,950 ಲೀಟರ್. ಒರಟು ಲೆಕ್ಕ ನಿಜ, ಆದರೂ ನಿಮ್ಮ ಬೋರಿನ ಶಕ್ತಿ ಇದರಲ್ಲಿ ಕಾಣುತ್ತದೆ. ಮೊದಲ ನಿಮಿಷದ ಏರಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ಸೋರುತ್ತಿದ್ದರೆ ಪೈಪಿನ ನೀರು ಕೆಳಗಿಳಿಯುತ್ತದೆ. ಒಂದೂವರೆ ಇಂಚಿನ 300 ಅಡಿ ಪೈಪಿನಲ್ಲೇ 100 ಲೀಟರ್ ಇರುತ್ತದೆ, ಅಷ್ಟಕ್ಕೇ ಮಟ್ಟ 15 ಅಡಿ ಏರಿದಂತೆ ಕಾಣುತ್ತದೆ.

ಈಗ ಆ ಎರಡು ಸಲಹೆಗಳಿಗೆ ಉತ್ತರ ಕೊಡಬಹುದು. ಮೋಟರ್ 400 ಅಡಿಯಲ್ಲಿದೆ, ಎರಡು ಗಂಟೆ ಓಡಿದ ಮೇಲೂ ನೀರು 250 ಅಡಿಯಲ್ಲೇ ಇದೆ, ಆದರೂ ಮೇಲೆ ಬರುವುದು ಕಡಿಮೆ ಎಂದಾದರೆ ನೀರಿಗೇನೂ ಆಗಿಲ್ಲ. ಪೈಪ್ ತೂತಾಗಿರಬಹುದು, ಪಂಪಿನೊಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದಿರಬಹುದು, ವೋಲ್ಟೇಜ್ ಇಳಿದಿರಬಹುದು. ಮೊದಲು ವೋಲ್ಟೇಜ್ ನೋಡಿಸಿ, ಅದಕ್ಕೆ ಖರ್ಚಿಲ್ಲ. ಓಡಿದ ಮೇಲೆ ಮಟ್ಟ 380 ಅಡಿಗೆ ಹೋಗುತ್ತಿದ್ದರೆ ಮೋಟರ್ ಒಣಗಿ ಸುಡುವ ಹಂತದಲ್ಲಿದೆ. ಬೋರ್ ಇನ್ನೂ ಆಳವಿದ್ದರೆ ಪೈಪ್ ಇಳಿಸಿ, ಇಲ್ಲದಿದ್ದರೆ ಓಡಿಸುವ ಸಮಯ ಕಡಿಮೆ ಮಾಡಿ.

ನಾಲೆ ಬಯಲಿನವರು ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆಯಿಂದ ನೀರು ಬಿಡುವ ಮುಂಚೆ ಒಮ್ಮೆ, ಬಿಟ್ಟು ತಿಂಗಳಾದ ಮೇಲೆ ಒಮ್ಮೆ ಅಳೆದು ಬರೆದಿಡಿ. ನಡುವೆ ದೊಡ್ಡ ಮಳೆ ಬಂದಿರದಿದ್ದರೆ, ಎಷ್ಟಡಿ ಏರಿತೋ ಸುಮಾರಾಗಿ ಅಷ್ಟು ನಿಮ್ಮ ಬೋರ್ ನಾಲೆಯನ್ನು ನಂಬಿದೆ, ನಾಲೆ ನೀರಿನ ಮುಂದಿನ ಸರದಿಯ (ಕಟ್ಟಿನ) ಬೆಳೆಗೆ ಅದು ಬೇಕಾಗುವ ಲೆಕ್ಕ. ಅಳತೆ ಮುಗಿದ ಮೇಲೆ ಮೈಕ್ ಎತ್ತಿ, ಸಂದಿಗೆ ಬಟ್ಟೆ ತುರುಕಿ, ಮುಚ್ಚಳದ ನಟ್ಟು ಬಿಗಿಮಾಡಿ.