ಹಾಡಿದವರ ಹೆಸರು ಎಲ್ಲಿ ಅಚ್ಚಾಗಬೇಕು?

ಕೇಳುಗರಿಗೆ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಪ್ರಸಾರಾಂಗ, ಅಂದರೆ ಅದರ ಪ್ರಕಟಣಾ ವಿಭಾಗ, ಜನಪದ ಮಹಾಕಾವ್ಯವೊಂದನ್ನು ಪ್ರಕಟಿಸಿದೆ ಎಂದಿಟ್ಟುಕೊಳ್ಳೋಣ. ಹೊದಿಕೆಯ ಮೇಲೆ ಕಾವ್ಯದ ಹೆಸರು, ಅದರ ಕೆಳಗೆ ಸಂಪಾದಕರ ಹೆಸರು, ಒಳಪುಟದಲ್ಲಿ ಪ್ರಧಾನ ಸಂಪಾದಕರು, ಕುಲಪತಿಗಳು, ಪ್ರಸಾರಾಂಗದ ನಿರ್ದೇಶಕರು ಎಲ್ಲರೂ ಇರುತ್ತಾರೆ. ರಾತ್ರಿಗಟ್ಟಲೆ ಕುಳಿತು ಆ ಕಾವ್ಯವನ್ನು ಹಾಡಿದವರನ್ನು ಮಾತ್ರ ನಾವು ಹುಡುಕಬೇಕಾಗುತ್ತದೆ. ಸಂಪಾದಕರ ಅರಿಕೆಯ ಕೊನೆಯಲ್ಲಿ, ಅಕ್ಷರ ಜೋಡಿಸಿದವರಿಗೂ ಕರಡು ತಿದ್ದಿದವರಿಗೂ ಕೃತಜ್ಞತೆ ಹೇಳುವ ಸಾಲುಗಳ ನಡುವೆ ಅವರು ಸಿಕ್ಕಿದರೆ ಸಿಕ್ಕಾರು. ಈ ರೂಢಿ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದರಲ್ಲಿ ಏನೋ ಕೊರತೆಯಿದೆಯೆಂದು ಓದುಗರಿಗಾಗಲಿ ವಿಮರ್ಶಕರಿಗಾಗಲಿ ತೋರುವುದೇ ಇಲ್ಲ. ವಿದ್ವತ್ ಪ್ರಕಟಣೆಯ ಹೊಣೆಗಾರಿಕೆ ಎಂದಾಗ ನಾವು ಸಾಮಾನ್ಯವಾಗಿ ಅಚ್ಚಿನ ತಪ್ಪು, ಕೃತಿಚೌರ್ಯ, ಪುಸ್ತಕದ ಬೆಲೆ ಇವುಗಳ ಬಗ್ಗೆ ಮಾತನಾಡುತ್ತೇವೆ. ಅವುಗಳನ್ನೆಲ್ಲ ಬದಿಗಿಟ್ಟು, ಬಾಯಿಮಾತಿನ ಸಾಹಿತ್ಯವನ್ನು ಅಚ್ಚಿಗೆ ತರುವ ವಿಶ್ವವಿದ್ಯಾಲಯಗಳು ಹಾಡುಗಾರರಿಗೆ ಏನನ್ನು ಸಲ್ಲಿಸಬೇಕು ಎಂಬ ಒಂದೇ ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ.

ಹೆಸರು ಬಿಟ್ಟುಹೋದದ್ದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಜನಪದ ಸಾಹಿತ್ಯಕ್ಕೆ ಕರ್ತೃವಿಲ್ಲ, ಅದು ಇಡೀ ಸಮುದಾಯದ್ದು ಎಂಬ ಒಂದು ತಿಳಿವಳಿಕೆ ಅದರ ಹಿಂದೆ ಇತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವರು ಉತ್ತರ ಕರ್ನಾಟಕದ ಲಾವಣಿಗಳನ್ನು ಪ್ರಕಟಿಸಿದರು. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪಾದ್ರಿ ಮ್ಯಾನರ್ ಅವರ ತುಳು ಪಾಡ್ದನಗಳ, ಅಂದರೆ ತುಳುವಿನ ಕಥನಗೀತೆಗಳ, ಸಂಗ್ರಹ ಬಂತು. 1931ರಲ್ಲಿ ಹಲಸಂಗಿಯ ಗೆಳೆಯರು ಗರತಿಯರ ಹಾಡುಗಳನ್ನು ಹೊರತಂದರು. ಮಧುರಚೆನ್ನರ ಹೆಸರು, ಸಿಂಪಿ ಲಿಂಗಣ್ಣನವರ ಹೆಸರು ಕನ್ನಡ ಓದುಗರಿಗೆ ಇಂದಿಗೂ ಗೊತ್ತು. ಬೀಸುಕಲ್ಲಿನ ಮುಂದೆ ಕುಳಿತು ಆ ತ್ರಿಪದಿಗಳನ್ನು ಹಾಡಿಕೊಟ್ಟ ಹೆಂಗಸರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಹಲಸಂಗಿಯವರನ್ನು ಇದಕ್ಕಾಗಿ ದೂರುವುದು ಕೃತಘ್ನತೆಯಾದೀತು. ಅವರ ಕೈಯಲ್ಲಿ ಧ್ವನಿಮುದ್ರಣದ ಯಂತ್ರವಿರಲಿಲ್ಲ, ಬೆನ್ನಿಗೆ ಯಾವ ವಿಶ್ವವಿದ್ಯಾಲಯವೂ ಇರಲಿಲ್ಲ, ಅವರು ಬರೆದಿಡದಿದ್ದರೆ ಆ ಹಾಡುಗಳಲ್ಲಿ ಎಷ್ಟೋ ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ಯಂತ್ರವೂ ಅನುದಾನವೂ ಜಾನಪದ ಅಧ್ಯಯನ ವಿಭಾಗಗಳೂ ಬಂದಮೇಲೆ ಅದೇ ರೂಢಿಯನ್ನು ಮುಂದುವರಿಸಿದ್ದಕ್ಕೆ ಆ ವಿನಾಯಿತಿ ಸಲ್ಲದು.

ಕರ್ತೃವಿಲ್ಲ ಎಂಬ ಆ ತಿಳಿವಳಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ದೊಡ್ಡ ಪರೀಕ್ಷೆಯೊಂದು ನಡೆದಿದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇವರ ತಂಡ 1990ರ ಡಿಸೆಂಬರಿನಲ್ಲಿ ಉಜಿರೆಯ ಸುತ್ತಿನ ಗೋಪಾಲ ನಾಯ್ಕರಿಂದ, ತುಳುವರು ಆರಾಧಿಸುವ ಸಿರಿ ಎಂಬ ಹೆಣ್ಣಿನ ಕಥೆಯನ್ನು ಹಲವು ದಿನಗಳ ಕಾಲ ಹಾಡಿಸಿ ಧ್ವನಿಮುದ್ರಿಸಿಕೊಂಡಿತು. ಗೋಪಾಲ ನಾಯ್ಕರು ಬೇಸಾಯಗಾರರು; ಸಿರಿ ಜಾತ್ರೆಯಲ್ಲಿ ಆವೇಶಕ್ಕೊಳಗಾಗುವ ಹೆಂಗಸರ ದಳವನ್ನು ಮುನ್ನಡೆಸುವವರು. ಅವರು ಹಾಡಿದ್ದು 15,683 ಸಾಲು. ಅದೇ ಕಥೆಯನ್ನು ಅವರು ಅದಕ್ಕೆ ಮುಂಚೆ ನಿಧಾನವಾಗಿ ಹೇಳಿ ಬರೆಸಿದ್ದ ಪಾಠ, ಅಂದರೆ ಆ ಕಥೆಯ ಬರಹರೂಪ, ಇದಕ್ಕಿಂತ ಬಹಳ ಚಿಕ್ಕದು. ಕಥೆ ಒಂದೇ, ಹೇಳಿದವರೂ ಒಬ್ಬರೇ. ಆದರೂ ಹಾಡಲು ಕುಳಿತಾಗ ವರ್ಣನೆಗಳು ಹಿಗ್ಗಿದವು, ಒಂದು ಪ್ರಸಂಗದಿಂದ ಇನ್ನೊಂದು ಹುಟ್ಟಿತು, ಪದಪುಂಜಗಳು ಹೊಸ ಕಡೆ ಹೊಸ ರೀತಿಯಲ್ಲಿ ಬಂದು ಕೂತವು. ಕಥಾವಸ್ತು ಪರಂಪರೆಯದು ಎಂಬುದು ನಿಜ, ಸೂತ್ರರೂಪದ ನುಡಿಗಟ್ಟುಗಳೂ ಪರಂಪರೆಯವೇ. ಆದರೆ ಅಚ್ಚಾದ ಆ ಸಾಲುಗಳನ್ನು ಆ ಕ್ರಮದಲ್ಲಿ, ಆ ವಿಸ್ತಾರದಲ್ಲಿ ಕಟ್ಟಿದವರು ಗೋಪಾಲ ನಾಯ್ಕರೇ ಹೊರತು ಬೇರೆ ಯಾರೂ ಅಲ್ಲ. ಕಥೆಯನ್ನು ವ್ಯಾಸರಿಂದ ಪಡೆದ ಕುಮಾರವ್ಯಾಸನನ್ನು ನಾವು ಸಂಗ್ರಹಕಾರ ಎನ್ನುವುದಿಲ್ಲವಲ್ಲ.

1998ರಲ್ಲಿ ಹೆಲ್ಸಿಂಕಿಯಿಂದ ಈ ಕಾವ್ಯ ಎರಡು ಸಂಪುಟಗಳಲ್ಲಿ ಪ್ರಕಟವಾದಾಗ, ಇದು ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯ ಎಂದು ಶೀರ್ಷಿಕೆಯಲ್ಲೇ ನಮೂದಾಯಿತು. ಮರುವರ್ಷ ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದೇ ಸಿರಿಯ ಇನ್ನೊಂದು ಪಾಠವನ್ನು, ಎ.ವಿ. ನಾವಡರ ಸಂಪಾದಕತ್ವದಲ್ಲಿ, ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಪರಿಶಿಷ್ಟ ಜಾತಿಯ ಒಬ್ಬ ಹೆಣ್ಣುಮಗಳ ಹೆಸರು ವಿಶ್ವವಿದ್ಯಾಲಯದ ಗ್ರಂಥವೊಂದರ ಶೀರ್ಷಿಕೆಯ ಮೊದಲ ಪದವಾಯಿತು. ಗ್ರಂಥಾಲಯದ ಸೂಚಿಯಲ್ಲಿ ಆ ಪುಸ್ತಕವನ್ನು ಹುಡುಕಬೇಕಾದರೆ ಆಕೆಯ ಹೆಸರನ್ನು ದಾಟದೆ ಹೋಗಲು ದಾರಿಯೇ ಇಲ್ಲ. ನನ್ನ ಮಟ್ಟಿಗೆ ಇದು ಸೌಜನ್ಯದ ಮಾತಲ್ಲ, ವಿದ್ವತ್ತಿನ ನಿಖರತೆಯ ಮಾತು. ಗೋಪಾಲ ನಾಯ್ಕರ ಸಿರಿಯೂ ರಾಮಕ್ಕನ ಸಿರಿಯೂ ಒಂದೇ ಅಲ್ಲ. ಒಬ್ಬರು ಜಾತ್ರೆಯ ದಳವನ್ನು ನಡೆಸುವ ಗಂಡಸು, ಇನ್ನೊಬ್ಬರು ಪಾಡ್ದನವನ್ನೇ ಬದುಕಾಗಿಸಿಕೊಂಡ ಹೆಂಗಸು. ಯಾರು ಹಾಡಿದ್ದು ಎಂದು ತಿಳಿಯದೆ ಆ ಎರಡು ಪಾಠಗಳ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳುವುದಾದರೂ ಹೇಗೆ? ಹಸ್ತಪ್ರತಿಯನ್ನು ಸಂಪಾದಿಸುವವರು ಓಲೆ ಯಾವ ಮಠದ್ದು, ಲಿಪಿಕಾರ ಯಾರು ಎಂದು ಪುಟಗಟ್ಟಲೆ ಬರೆಯುತ್ತಾರೆ. ಜೀವಂತ ಕವಿಯ ವಿಷಯದಲ್ಲಿ ಎರಡು ಸಾಲಿಗೆ ತೃಪ್ತರಾಗುವುದು ವಿಚಿತ್ರ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನೂ ಇಲ್ಲಿ ನೆನೆಯಬೇಕು. ಅಲೆಮಾರಿ ಬುಡ್ಗಜಂಗಮ ಸಮುದಾಯದ ಅವರಿಗೆ ಓದು ಬರಹ ಬರುತ್ತಿರಲಿಲ್ಲ. 2014ರಲ್ಲಿ ತೀರಿಕೊಂಡ ಅವರ ನಾಲಗೆಯ ಮೇಲೆ ಹಲವು ದೀರ್ಘ ಬುರ್ರಕಥಾ ಕಾವ್ಯಗಳಿದ್ದವು. ಕನ್ನಡ ವಿಶ್ವವಿದ್ಯಾಲಯ ಅವನ್ನು ಅಚ್ಚಿಗೂ ತಂದಿತು, ಅವರಿಗೆ ನಾಡೋಜ ಪದವಿಯನ್ನೂ ಕೊಟ್ಟಿತು. ಪದವಿ ಕೊಟ್ಟದ್ದು ಬಹಳ ಒಳ್ಳೆಯದೇ. ಆದರೆ ಶಾಲು, ಪೇಟ, ಪ್ರಶಸ್ತಿಪತ್ರಗಳು ಒಬ್ಬಿಬ್ಬರಿಗೆ ಸಲ್ಲುತ್ತವೆ. ಶೀರ್ಷಿಕೆ ಪುಟದ ನಿಯಮ ಎಲ್ಲ ಹಾಡುಗಾರರಿಗೂ ಸಲ್ಲುವಂಥದ್ದು, ಮತ್ತು ಅದಕ್ಕೆ ಯಾವ ಸಮಾರಂಭವೂ ಬೇಕಾಗುವುದಿಲ್ಲ.

ಈ ವಿಷಯದಲ್ಲಿ ಬಾನುಲಿಯಿಂದ ಪುಸ್ತಕ ಕಲಿಯಬಹುದಾದದ್ದೊಂದಿದೆ. ಆಕಾಶವಾಣಿಯ ಕೇಂದ್ರಗಳಲ್ಲಿ ಜನಪದ ಗಾಯಕರಿಗೂ ಧ್ವನಿಪರೀಕ್ಷೆಯುಂಟು, ಶ್ರೇಣಿಯುಂಟು, ಒಪ್ಪಂದ ಪತ್ರವುಂಟು, ಸಂಭಾವನೆಯುಂಟು. ಹಾಡು ಪ್ರಸಾರವಾಗುವ ಮುನ್ನ ಹಾಡುವವರು ಇಂಥ ಊರಿನ ಇಂಥವರು ಮತ್ತು ತಂಡದವರು ಎಂದು ಉದ್ಘೋಷಕರು ಹೇಳುತ್ತಾರೆ, ಮುಗಿದ ಮೇಲೆ ಇನ್ನೊಮ್ಮೆ ಹೇಳುತ್ತಾರೆ. ಸಂಭಾವನೆ ದೊಡ್ಡದೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಗಾಯಕರು ಅದೇ ಹಾಡನ್ನು ಸಂಶೋಧಕರೊಬ್ಬರ ಯಂತ್ರದ ಮುಂದೆ ಹಾಡಿ, ಅದು ಪುಸ್ತಕವಾದಾಗ ಒಪ್ಪಂದವೂ ಇಲ್ಲ, ಘೋಷಣೆಯೂ ಇಲ್ಲ ಎಂದರೆ, ಹೆಚ್ಚು ವಿದ್ವತ್ಪೂರ್ಣವಾದ ಮಾಧ್ಯಮವೇ ಹೆಚ್ಚು ಅಲಕ್ಷ್ಯದಿಂದ ನಡೆದುಕೊಂಡಂತಾಯಿತು.

ಕಾನೂನು ಇಲ್ಲಿ ಅರ್ಧ ದಾರಿಗೆ ಮಾತ್ರ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ಹಕ್ಕುಗಳನ್ನು ಕೊಟ್ಟಿತು. ಅದರ ಅವಧಿ ಈಗ 50 ವರ್ಷ. ಪ್ರದರ್ಶಕರೆಂದು ಗುರುತಿಸಲ್ಪಡುವ ಹಕ್ಕನ್ನೂ, ತಮ್ಮ ಪ್ರದರ್ಶನವನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನೂ 2012ರ ತಿದ್ದುಪಡಿ ಸೇರಿಸಿತು. ಇವೆಲ್ಲ ಮುಖ್ಯವಾಗಿ ಧ್ವನಿ ಮತ್ತು ದೃಶ್ಯ ಮುದ್ರಣಗಳಿಗೆ ಅನ್ವಯಿಸುವಂಥವು. ಹಾಡನ್ನು ಕೇಳಿ ಬರೆದುಕೊಂಡು ಪುಸ್ತಕ ಮಾಡಿದಾಗ ‘ಹಕ್ಕುಗಳು: ಸಂಪಾದಕರದು’ ಅಥವಾ ‘ಪ್ರಕಾಶಕರದು’ ಎಂಬ ಸಾಲು ಯಾವ ಅಡೆತಡೆಯಿಲ್ಲದೆ ಅಚ್ಚಾಗುತ್ತದೆ. ಇಲ್ಲೊಂದು ಒಳವಿರೋಧವಿದೆ, ಗಮನಿಸಿ. ಹಾಡುಗಾರರು ಪಾಲು ಕೇಳಿದರೆ, ಇದು ಸಮುದಾಯದ ಸೊತ್ತು, ಇದಕ್ಕೆ ಒಡೆಯರಿಲ್ಲ ಎಂಬ ಉತ್ತರ ಬರುತ್ತದೆ. ಬೇರೆ ಪ್ರಕಾಶಕರು ಅದನ್ನೇ ಮರುಮುದ್ರಿಸಿದರೆ ಒಡೆಯರು ಆ ಕ್ಷಣವೇ ಪ್ರತ್ಯಕ್ಷವಾಗುತ್ತಾರೆ.

ವಿಶ್ವವಿದ್ಯಾಲಯಗಳ ಒಳಗಿನ ನಿಯಮಗಳೂ ಈ ಕುರುಡನ್ನು ಹೋಗಲಾಡಿಸುವುದಿಲ್ಲ. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಕೃತಿಚೌರ್ಯ ತಡೆಯಲು ನಿಯಮಾವಳಿಯೊಂದನ್ನು ಹೊರಡಿಸಿತು. ಅದರಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅದನ್ನು ಮೀರಿದರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸುವುದರಿಂದ ಹಿಡಿದು, ಶೇಕಡಾ 60 ದಾಟಿದರೆ ನೋಂದಣಿ ರದ್ದಾಗುವವರೆಗೆ ಶಿಕ್ಷೆಯಿದೆ. ಒಳ್ಳೆಯ ನಿಯಮ. ಆದರೆ ತಾಳೆ ನೋಡುವ ತಂತ್ರಾಂಶ ಈಗಾಗಲೇ ಬರಹದಲ್ಲಿರುವುದನ್ನು ಮಾತ್ರ ಬಲ್ಲದು. ಪ್ರಾಧ್ಯಾಪಕರೊಬ್ಬರ ಲೇಖನದಿಂದ ಒಂದು ಪುಟ ಎತ್ತಿಕೊಂಡವರು ಸಿಕ್ಕಿಬೀಳುತ್ತಾರೆ. ಒಬ್ಬ ಅಜ್ಜಿಯ ಬಾಯಿಂದ ಮುನ್ನೂರು ಪುಟಗಳನ್ನು ಪಡೆದು, ಆಕೆಯ ಹೆಸರನ್ನು ‘ಮಾಹಿತಿದಾರರು’ ಎಂಬ ಅನುಬಂಧದಲ್ಲಿ ವಯಸ್ಸು ಮತ್ತು ಜಾತಿಯೊಂದಿಗೆ ನಮೂದಿಸಿ, ಪುಸ್ತಕಕ್ಕೆ ತಮ್ಮ ಹೆಸರಿಟ್ಟುಕೊಂಡವರಿಗೆ ಶೂನ್ಯ ಹೋಲಿಕೆಯ ಪ್ರಮಾಣಪತ್ರ ಸಿಗುತ್ತದೆ. 2010ರಿಂದೀಚೆಗೆ ಬಡ್ತಿಗೆ ಪ್ರಕಟಣೆಯ ಅಂಕಗಳನ್ನು ಎಣಿಸತೊಡಗಿದ ಮೇಲೆ, ಐಎಸ್‌ಬಿಎನ್ ಸಂಖ್ಯೆಯಿರುವ ಪುಸ್ತಕ ಬೇಕೆಂಬ ಆತುರ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿದೆ. ಕ್ಷೇತ್ರಕಾರ್ಯ ವಾರದಲ್ಲಿ ಮುಗಿಯುತ್ತದೆ, ಬರೆದಿಳಿಸುವ ಕೆಲಸ ವಿದ್ಯಾರ್ಥಿಗಳ ಪಾಲಾಗುತ್ತದೆ, ಹಾಡಿದವರಿಗೆ ಓದಿ ಹೇಳಿ ಸರಿ ನೋಡುವ ಹಂತವೇ ಇರುವುದಿಲ್ಲ.

ಸಂಪಾದನೆಯ ವಿಷಯಕ್ಕೆ ಬಂದರೆ, ಪುಟ ಉಳಿಸುವ ಸಲುವಾಗಿ ಮೊದಲು ಬಿದ್ದುಹೋಗುವುದು ಹಿಮ್ಮೇಳದವರ ಸೊಲ್ಲು, ಅಂದರೆ ಮುಖ್ಯ ಹಾಡುಗಾರರ ಹಿಂದೆ ಅವರು ಮತ್ತೆ ಮತ್ತೆ ಹಾಡುವ ಪಲ್ಲವಿ. ಚಾಮರಾಜನಗರದ ಕಡೆಯ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡುವಾಗಲಾಗಲಿ, ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಹೇಳುವಾಗಲಾಗಲಿ, ಮುಮ್ಮೇಳದವರು ಮುಂದಿನ ಸಾಲನ್ನು ಕಟ್ಟಿಕೊಳ್ಳಲು ಬೇಕಾದ ಬಿಡುವು ಸಿಗುವುದು ಹಿಮ್ಮೇಳ ಎತ್ತಿಕೊಂಡಾಗಲೇ. ಸೊಲ್ಲನ್ನು ತೆಗೆದ ಪಾಠವನ್ನು ಓದಿದವರಿಗೆ ಕಾವ್ಯ ಒಬ್ಬರದೇ ಎನ್ನಿಸುತ್ತದೆ, ಹಿಮ್ಮೇಳದವರು ಹೆಸರಿನ ಜೊತೆಗೆ ಮಾತನ್ನೂ ಕಳೆದುಕೊಳ್ಳುತ್ತಾರೆ. ಇನ್ನು ಆಡುಮಾತನ್ನು ಗ್ರಾಂಥಿಕಕ್ಕೆ ತಿದ್ದುವ ಚಾಳಿಯೂ ಬೈಗುಳಗಳನ್ನು ಚುಕ್ಕಿಗಳಾಗಿ ಮಾರ್ಪಡಿಸುವ ಮುಜುಗರವೂ ಮೊದಲಿಗಿಂತ ಕಡಿಮೆಯಾಗಿವೆ. ಅದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು.

ಹಣದ ಮಾತನ್ನು ವಿದ್ವಾಂಸರು ಸಂಕೋಚದಿಂದ ತೇಲಿಸಿಬಿಡುತ್ತಾರೆ. ವಿದ್ವತ್ ಪುಸ್ತಕಗಳಿಂದ ಬರುವ ಗೌರವಧನವೇ ಅಷ್ಟಕ್ಕಷ್ಟೆ, ಅದರಲ್ಲಿ ಪಾಲು ಏನು ಎಂದು ಕೇಳುವವರಿದ್ದಾರೆ. ಮೊದಲ ಮುದ್ರಣದ ಮಟ್ಟಿಗೆ ಆ ಮಾತು ಸರಿಯಿರಬಹುದು. ಆದರೆ ಪಠ್ಯಪುಸ್ತಕಕ್ಕೆ ಒಂದು ಭಾಗ ಹೋದಾಗ, ರಂಗಭೂಮಿಗೆ ಅಥವಾ ಸಿನಿಮಾಕ್ಕೆ ಅದು ವಸ್ತುವಾದಾಗ, ಬೇರೆ ಭಾಷೆಗೆ ಅನುವಾದವಾದಾಗ ಒಪ್ಪಿಗೆ ಪತ್ರ ಯಾರ ಮನೆಗೆ ಹೋಗುತ್ತದೆ ಎಂಬುದು ಹಕ್ಕಿನ ಆ ಒಂದು ಸಾಲನ್ನು ಅವಲಂಬಿಸಿದೆ. ಹಾಡುಗಾರರನ್ನೂ ಸಂಪಾದಕರನ್ನೂ ಜಂಟಿ ಹಕ್ಕುದಾರರೆಂದು ನಮೂದಿಸಿ, ಹಾಡುಗಾರರ ನಂತರ ಅವರ ಮನೆಯವರಿಗೆ ಅಥವಾ ಮೇಳಕ್ಕೆ ಎಂದು ಬರೆದುಕೊಳ್ಳುವುದಕ್ಕೆ ಹೊಸ ಶಾಸನ ಬೇಕಿಲ್ಲ, ಪ್ರಸಾರಾಂಗದ ಸಮಿತಿಯ ಒಂದು ನಿರ್ಣಯ ಸಾಕು.

ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕಾಲದಲ್ಲಿ ಅಧ್ಯಯನಾಂಗ, ಸಂಶೋಧನಾಂಗಗಳ ಜೊತೆಗೆ ಪ್ರಸಾರಾಂಗವನ್ನೂ ವಿಶ್ವವಿದ್ಯಾಲಯದ ಒಂದು ಅಂಗವಾಗಿ ರೂಪಿಸಿದರು. ವಿಶ್ವವಿದ್ಯಾಲಯದ ಅರಿವು ಹಳ್ಳಿಗೆ ತಲುಪಬೇಕೆಂಬುದು ಅದರ ಆಶಯ. ಜನಪದ ಕಾವ್ಯಗಳ ಪ್ರಕಟಣೆಯಲ್ಲಿ ಅರಿವು ಬರುವುದು ಹಳ್ಳಿಯಿಂದ. ಹಾಗಾಗಿ ಮರಳಿ ತಲುಪಿಸುವ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ. ನಾನು ಮೆಚ್ಚಿದ ಹೆಲ್ಸಿಂಕಿಯ ಸಂಪುಟಗಳಿಗೂ ಈ ಮಾತು ಅನ್ವಯಿಸುತ್ತದೆ: ಅಲ್ಲಿ ತುಳು ಪಾಠ ರೋಮನ್ ಲಿಪಿಯಲ್ಲಿದೆ, ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದವಿದೆ. ಜಗತ್ತಿನ ವಿದ್ವಾಂಸರಿಗೆ ಅದು ಅನುಕೂಲ, ಗೋಪಾಲ ನಾಯ್ಕರ ಸ್ವಂತ ತಾಲ್ಲೂಕಾದ ಬೆಳ್ತಂಗಡಿಯ ಓದುಗರಿಗೆ ಅಲ್ಲ. ಕನ್ನಡ ಲಿಪಿಯಲ್ಲಿ ಅಗ್ಗದ ಆವೃತ್ತಿಯೊಂದು ಮೂಲ ಯೋಜನೆಯ ಭಾಗವಾಗಿಯೇ ಇರಬೇಕು ಎಂದು ಅನುದಾನ ಕೊಡುವವರು ಷರತ್ತು ಹಾಕಬಹುದು. ಧ್ವನಿಸುರುಳಿಗಳ ಮಾತು ಇನ್ನೂ ಮುಖ್ಯವಾದುದು. ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಭಂಡಾರಗಳು ನಮ್ಮಲ್ಲಿ ಬಹಳ ಇಲ್ಲ. ಉಳಿದ ಕಡೆ ಸಂಶೋಧಕರ ಮನೆಯ ಕಪಾಟುಗಳಲ್ಲಿ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ಅದರ ಒಂದು ಪ್ರತಿ ಹಾಡಿದವರ ಮೊಮ್ಮಕ್ಕಳ ಫೋನಿನಲ್ಲಿರುವುದು ಇಂದು ಕಷ್ಟದ ಕೆಲಸವೇನಲ್ಲ.

ಕೊನೆಯದಾಗಿ, ಅಚ್ಚು ಮಾಡದೆ ಬಿಡಬೇಕಾದದ್ದೂ ಇರುತ್ತದೆ. ಕೆಲವು ಹಾಡುಗಳು ದೀಕ್ಷೆ ಪಡೆದವರಿಗೆ ಮಾತ್ರ ಸಲ್ಲುತ್ತವೆ, ಕೆಲವನ್ನು ಕೋಲ ಅಥವಾ ಜಾತ್ರೆಯ ಹೊರಗೆ ಹೇಳಬಾರದೆಂಬ ನಂಬಿಕೆಯಿರುತ್ತದೆ, ಕೆಲವು ಪ್ರಸಂಗಗಳಲ್ಲಿ ಇಂದಿಗೂ ಊರಲ್ಲಿರುವ ಮನೆತನಗಳ ಹಳೆಯ ಜಗಳಗಳು ಬರುತ್ತವೆ. ಹಾಡುಗಾರರು ‘ಇಷ್ಟು ಭಾಗ ಬೇಡ’ ಎಂದರೆ, ಆ ಭಾಗವನ್ನು ಕೈಬಿಟ್ಟು, ಹಾಡಿದವರ ಕೋರಿಕೆಯಂತೆ ಇಲ್ಲಿ ಇಷ್ಟು ಸಾಲು ಬಿಟ್ಟಿದೆ ಎಂದು ಅಡಿಟಿಪ್ಪಣಿ ಹಾಕುವುದು ಪ್ರಾಮಾಣಿಕ ಸಂಪಾದನೆಯೇ. ಪಾಠ ಅಪೂರ್ಣವಾಯಿತು ಎಂದು ವಿಮರ್ಶಕರು ಬರೆಯಬಹುದು. ಆ ಆಕ್ಷೇಪಕ್ಕೆ ಉತ್ತರ ಕೊಡಬೇಕಾದವರು ಸಂಪಾದಕರು ಮತ್ತು ಪ್ರಕಾಶಕರು. ಹಾಡುಗಾರರನ್ನು ಅದಕ್ಕೆ ಎಳೆಯಬಾರದು.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.